ಮಾತ್ರೆ ಕೈಕೊಟ್ಟ ಮೇಲೆ ಯಾವ ಸೂಜಿ?

ಈ ಸಲ ನಿಮಿರು ದೌರ್ಬಲ್ಯ, ಅದರಲ್ಲೂ ಶಿಶ್ನಕ್ಕೇ ಕೊಡುವ ಚುಚ್ಚುಮದ್ದುಗಳ ಮಾತು. ಮನೆಯವರು ಪಕ್ಕದಲ್ಲಿದ್ದರೆ ಇಯರ್‌ಫೋನ್ ಹಾಕಿಕೊಳ್ಳಿ, ಹಾಕಿಕೊಳ್ಳದಿದ್ದರೆ ಇನ್ನೂ ಒಳ್ಳೆಯದು.

ಈ ಮದ್ದಿಗೆ ನಾವಿರುವ ಲಂಡನ್ನಿನ ನಂಟಿದೆ. ಇಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಸೈಕಿಯಾಟ್ರಿಯ ಶರೀರವಿಜ್ಞಾನಿ ಗೈಲ್ಸ್ ಬ್ರಿಂಡ್ಲಿ 1983ರಲ್ಲಿ ಲಾಸ್ ವೇಗಸ್‌ಗೆ ಹೋಗಿ, ಮೂತ್ರರೋಗ ತಜ್ಞರ ಸಭೆಗೆ ಮುಂಚೆ ತಾವೇ ಚುಚ್ಚಿಕೊಂಡು, ಎಲ್ಲರೆದುರು ಪ್ಯಾಂಟ್ ಇಳಿಸಿ ಫಲಿತಾಂಶ ತೋರಿಸಿದರು. ಅಂಥ ಪ್ರಾತ್ಯಕ್ಷಿಕೆಗೆ ಇವತ್ತು ಯಾವ ಎಥಿಕ್ಸ್ ಕಮಿಟಿಯೂ ಒಪ್ಪಲ್ಲ! ಆದರೆ ವಿಷಯ ಸ್ಪಷ್ಟವಾಯಿತು: ಒಳಗಿನ ನಯಸ್ನಾಯು ಸಡಿಲವಾದರೆ ರಕ್ತ ತುಂಬುತ್ತದೆ, ಮನಸ್ಸಿನ ಅಪ್ಪಣೆಗೆ ಕಾಯುವುದಿಲ್ಲ.

ವಯಾಗ್ರಾದಂಥ ಮಾತ್ರೆಗೆ ನರಗಳಿಂದ ಬರುವ ನೈಟ್ರಿಕ್ ಆಕ್ಸೈಡ್ ಬೇಕು. ಸಕ್ಕರೆ ಕಾಯಿಲೆಯೋ ಪ್ರಾಸ್ಟೇಟ್ ಆಪರೇಷನ್ನೋ ಆ ನರಗಳನ್ನು ಕೆಡಿಸಿದ್ದರೆ ಮಾತ್ರೆ ಏನು ಮಾಡೀತು? ಸೂಜಿಯ ಮದ್ದು ನೇರ ಸ್ನಾಯುವಿಗೇ ತಲುಪುತ್ತದೆ.

ಹಾಗಾದ್ರೆ ಯಾವುದು? "ಯಾವುದು ಸ್ಟ್ರಾಂಗ್" ಅಂತ ಶುರುಮಾಡಿದರೆ ದಾರಿ ತಪ್ಪುತ್ತೇವೆ. ಹಳೆಯ ಪಾಪವೆರಿನ್ ಅಗ್ಗ, ಆದರೆ ಇಳಿಯದೆ ಉಳಿಯುವ ನಿಮಿರುವಿಕೆ, ಒಳಗಿನ ಅಂಗಾಂಶ ಗಂಟುಕಟ್ಟುವುದು ಅದರಲ್ಲಿ ಹೆಚ್ಚು. ಕ್ಯಾವರ್‌ಜೆಕ್ಟ್ ಹೆಸರಿನಲ್ಲಿ ಸಿಗುವ ಆಲ್ಪ್ರೊಸ್ಟಾಡಿಲ್ ನಮ್ಮ ದೇಹವೇ ತಯಾರಿಸುವ ಪ್ರೋಸ್ಟಗ್ಲಾಂಡಿನ್. ವೈದ್ಯರಿಗೆ ಇದರ ಅನುಭವ ಚೆನ್ನಾಗಿದೆ. ತೊಂದರೆ ಅಂದರೆ ನೋವು, ಸೂಜಿಯದ್ದಲ್ಲ, ಮದ್ದಿನದೇ. ಇನ್ವಿಕಾರ್ಪ್‌ನಲ್ಲಿ 25 ಮೈಕ್ರೋಗ್ರಾಂ ಎವಿಪ್ಟಾಡಿಲ್, 2 ಮಿಲಿಗ್ರಾಂ ಫೆಂಟೊಲಮಿನ್ ಇರುತ್ತದೆ. ನೋವು ಕಡಿಮೆ, ಮುಖ ಕೆಂಪೇರಬಹುದು, ಫ್ರಿಜ್‌ನಲ್ಲಿಡಬೇಕು. ಊರಿಂದ ಅಮ್ಮ ಬಂದಿದ್ದಾಗ ಮೊಸರಿನ ಪಾತ್ರೆ ಹಿಂದೆ ಬಚ್ಚಿಡೋದು ಸಣ್ಣ ಕಷ್ಟವಲ್ಲ.

ನಮ್ಮ ಮತ ಇಷ್ಟು: ಆಲ್ಪ್ರೊಸ್ಟಾಡಿಲ್‌ನಿಂದ ಶುರುಮಾಡಿ. ನೋವಾದರೆ ಚಿಕಿತ್ಸೆಯನ್ನೇ ಬಿಟ್ಟುಬಿಡಬೇಡಿ, ಇನ್ವಿಕಾರ್ಪ್ ಬಗ್ಗೆ ಕೇಳಿ. ದಕ್ಷಿಣ ಏಷ್ಯಾದವರಿಗೆ ಸಕ್ಕರೆ ಕಾಯಿಲೆ ಹೆಚ್ಚು, ಬೇಗ ಬರುತ್ತದೆ ಕೂಡ. ಇಂಗ್ಲೆಂಡಿನಲ್ಲಿ ಆ ಕಾಯಿಲೆ ಇರುವವರಿಗೆ ಜಿಪಿ ಆಲ್ಪ್ರೊಸ್ಟಾಡಿಲನ್ನು ಎನ್‌ಹೆಚ್‌ಎಸ್‌ನಲ್ಲೇ ಬರೆದುಕೊಡಬಹುದು. ಆದರೂ ಸಕ್ಕರೆ ಪರೀಕ್ಷೆಗೆ ಹೋದ ನಮ್ಮವರು ಕಣ್ಣು, ಪಾದದ ಬಗ್ಗೆ ಮಾತಾಡಿ ಎದ್ದು ಬರುತ್ತಾರೆ. ಇದನ್ನೂ ಕೇಳಿ; ಹೃದಯದ ರಕ್ತನಾಳದ ತೊಂದರೆ ಕೆಲವೊಮ್ಮೆ ಮೊದಲು ಕಾಣುವುದು ಇಲ್ಲೇ.

ಮೊದಲ ಡೋಸ್ ಕ್ಲಿನಿಕ್‌ನಲ್ಲೇ ಆಗಲಿ. ವಾರಕ್ಕೆ 3ಕ್ಕಿಂತ ಹೆಚ್ಚು ಬೇಡ. 4 ಗಂಟೆಯಾದರೂ ಇಳಿಯದಿದ್ದರೆ ನಾಚಿಕೊಂಡು ಬೆಳಗಾಗಲಿ ಅಂತ ಕೂರಬೇಡಿ, ಸೀದಾ ಎ ಅಂಡ್ ಇಗೆ ಹೋಗಿ.