ಪೆಟ್ಟಿಗೆಯ ಬಟ್ಟೆ, ಚೀಟಿಯ ಸೀರೆ

ಬಸವನಗುಡಿಯ ವಸತಿ ಸಮುಚ್ಚಯಗಳ ಕಾವಲುಗಾರರ ಮೇಜಿನ ಮೇಲೆ ಮಧ್ಯಾಹ್ನದ ಹೊತ್ತಿಗೆ ರಟ್ಟಿನ ಪೆಟ್ಟಿಗೆಗಳು ಪೇರಿಕೊಂಡಿರುತ್ತವೆ. ಅವುಗಳಲ್ಲಿ ಬಟ್ಟೆಯದೇ ಒಂದು ದೊಡ್ಡ ಪಾಲು. ಅಂಗಡಿಗೆ ಹೋಗಿ ಬಟ್ಟೆ ಆರಿಸುವ ಕಾಲ ಹಿಂದೆ ಸರಿದು ಬಟ್ಟೆಯೇ ಮನೆಗೆ ಬರುವ ಕಾಲ ಬಂದಿದೆ. ಇದರ ಮುಂದಿನ ಮೆಟ್ಟಿಲೇ ಬಟ್ಟೆಗೆ ಚಂದಾ ಕಟ್ಟುವ ಪದ್ಧತಿ. ಗೊತ್ತಾದ ಮೊತ್ತ ಕಟ್ಟಿದರೆ ಅಳತೆ, ಅಭಿರುಚಿಗಳನ್ನು ಮೊದಲೇ ತಿಳಿದುಕೊಂಡ ಕಂಪನಿಯೊಂದು ನಾಲ್ಕೈದು ಉಡುಪುಗಳನ್ನು ಪೆಟ್ಟಿಗೆಯಲ್ಲಿಟ್ಟು ಕಳಿಸುತ್ತದೆ. ಬೇಕಾದದ್ದನ್ನು ಇಟ್ಟುಕೊಂಡು ಬೇಡವಾದದ್ದನ್ನು ಹಿಂತಿರುಗಿಸಬಹುದು. ಸಮಯವೂ ಉಳಿಯುತ್ತದೆ, ಹಣವೂ ಉಳಿಯುತ್ತದೆ ಎಂಬುದು ಇದರ ಪ್ರಚಾರ.

ಹಣ ಉಳಿಯುತ್ತದೆಯೇ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು. ಅಮೆರಿಕದಲ್ಲಿ 2011ರಲ್ಲಿ ಆರಂಭವಾದ ಸ್ಟಿಚ್ ಫಿಕ್ಸ್ ಎಂಬ ಕಂಪನಿ ಈ ವ್ಯಾಪಾರವನ್ನು ಜಗತ್ತಿಗೆ ಪರಿಚಯಿಸಿದವರಲ್ಲಿ ಮುಖ್ಯವಾದುದು. ಅದರ ಮೂಲ ಪದ್ಧತಿಯಲ್ಲಿ ಆಯ್ಕೆ ಮಾಡಿಕೊಟ್ಟದ್ದಕ್ಕೆ 20 ಡಾಲರ್ ಶುಲ್ಕ. ಏನಾದರೂ ಕೊಂಡರೆ ಆ ಶುಲ್ಕ ಬೆಲೆಯಲ್ಲಿ ವಜಾ ಆಗುತ್ತದೆ. ಪೆಟ್ಟಿಗೆಯಲ್ಲಿ ಬಂದ ಐದೂ ಉಡುಪುಗಳನ್ನು ಇಟ್ಟುಕೊಂಡರೆ ಶೇ. 25ರಷ್ಟು ರಿಯಾಯಿತಿ. ಇದನ್ನು ರೂಪಾಯಿಯ ಲೆಕ್ಕಕ್ಕೆ ಇಳಿಸೋಣ. ತಲಾ ಒಂದು ಸಾವಿರ ರೂಪಾಯಿಯ ಐದು ಉಡುಪುಗಳು ಬಂದಿವೆ. ಮನೆಯಾಕೆಗೆ ನಿಜವಾಗಿ ಬೇಕಿರುವುದು ಎರಡು. ಎರಡನ್ನೇ ಇಟ್ಟುಕೊಂಡರೆ ಖರ್ಚು 2,000. ಐದನ್ನೂ ಇಟ್ಟುಕೊಂಡರೆ 3,750. ಬಿಲ್ಲಿನ ಕೊನೆಯಲ್ಲಿ ‘ನೀವು ಉಳಿಸಿದ್ದು 1,250 ರೂಪಾಯಿ’ ಎಂದು ಅಚ್ಚಾಗಿರುತ್ತದೆ. ಕೈಯಿಂದ ಹೆಚ್ಚಿಗೆ ಹೋದದ್ದು 1,750 ಎಂದು ಎಲ್ಲಿಯೂ ಅಚ್ಚಾಗಿರುವುದಿಲ್ಲ. ಬೇಡದ ಮೂರು ಉಡುಪುಗಳು ಬೀರುವಿನ ಕೆಳಗಿನ ಅರೆಗೆ ಸೇರುತ್ತವೆ.

ಕೊಳ್ಳುವ ಬದಲು ಬಾಡಿಗೆಗೆ ಪಡೆಯುವ ಚಂದಾ ಪರಿಸರಕ್ಕೆ ಹಿತವೆಂದು ವಾದಿಸುವವರೂ ಇದ್ದಾರೆ. ಒಂದೇ ಉಡುಪನ್ನು ಹತ್ತು ಮಂದಿ ಉಟ್ಟರೆ ಒಂಬತ್ತು ಉಡುಪುಗಳು ಉಳಿದಂತಲ್ಲವೇ ಎಂಬುದು ಅವರ ತರ್ಕ. ಫಿನ್ಲೆಂಡಿನ ಸಂಶೋಧಕರು ಜೀನ್ಸ್ ಪ್ಯಾಂಟಿನ ಉದಾಹರಣೆಯನ್ನಿಟ್ಟುಕೊಂಡು 2021ರಲ್ಲಿ ಪ್ರಕಟಿಸಿದ ಅಧ್ಯಯನ ಈ ತರ್ಕಕ್ಕೆ ತಣ್ಣೀರೆರಚಿತು. ಬಾಡಿಗೆ ಬಟ್ಟೆ ಮನೆಯಿಂದ ಮನೆಗೆ ವಾಹನದಲ್ಲಿ ಓಡಾಡತೊಡಗಿದರೆ ಅದರ ಇಂಗಾಲದ ಹೊರೆ ಕೊಂಡು ಎಸೆಯುವ ಬಟ್ಟೆಯದನ್ನೂ ಮೀರಬಹುದೆಂದು ಅವರು ಕಂಡುಕೊಂಡರು. ಹೆಚ್ಚು ಕಾಲ ಉಡುವುದೇ ಎಲ್ಲಕ್ಕಿಂತ ಕಡಿಮೆ ಹೊರೆಯ ದಾರಿ ಎಂಬುದೂ ಅದೇ ಅಧ್ಯಯನದ ಮಾತು. ಅಜ್ಜಿಯರು ಅಧ್ಯಯನವಿಲ್ಲದೆಯೇ ಹೇಳುತ್ತಿದ್ದ ಮಾತಿದು.

ಹಳೆಯ ಬೆಂಗಳೂರಿಗೆ ಬಟ್ಟೆಯ ಚಂದಾ ಹೊಸತೇನಲ್ಲ. ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳ ವಠಾರಗಳಿಗೆ ಗಂಟು ಹೊತ್ತು ಬರುತ್ತಿದ್ದ ಸೀರೆ ವ್ಯಾಪಾರಿ ಮಧ್ಯಾಹ್ನ ಗಂಡಸರಿಲ್ಲದ ಹೊತ್ತಿನಲ್ಲಿ ಜಗಲಿಯ ಮೇಲೆ ಗಂಟು ಬಿಚ್ಚುತ್ತಿದ್ದ. ಅಕ್ಕಪಕ್ಕದವರೆಲ್ಲ ಸುತ್ತ ಸೇರುತ್ತಿದ್ದರು. ಹಣ ಕಂತಿನಲ್ಲಿ. ಅದರದೇ ಇನ್ನೊಂದು ರೂಪ ಸೀರೆ ಚೀಟಿ. ಇಪ್ಪತ್ತು ಮಂದಿ ಹೆಂಗಸರು ಸೇರಿ ತಿಂಗಳಿಗಿಷ್ಟೆಂದು ಕಟ್ಟುವುದು, ತಿಂಗಳಿಗೊಮ್ಮೆ ಚೀಟಿ ಎತ್ತಿ ಹೆಸರು ಬಂದವರಿಗೆ ಸೀರೆ ಕೊಡುವುದು. ಕೈಯಲ್ಲಿ ಒಟ್ಟಿಗೆ ಹಣ ಸೇರದ ಮನೆಯಾಕೆಗೆ ವರಮಹಾಲಕ್ಷ್ಮಿ ಹಬ್ಬಕ್ಕೊಂದು ರೇಷ್ಮೆ ಸೀರೆ ಬಂದದ್ದು ಹೆಚ್ಚಾಗಿ ಈ ದಾರಿಯಿಂದಲೇ. ಗಂಡನ ಸಂಬಳದಿಂದ ಸೊಪ್ಪು-ಹಾಲಿನ ಲೆಕ್ಕದಲ್ಲಿ ಮಿಗಿಸಿದ ಚಿಲ್ಲರೆ ಅದು. ಅವಳದೇ ಎನ್ನಬಹುದಾದ ಏಕೈಕ ಉಳಿತಾಯವಾಗಿದ್ದ ಸಂದರ್ಭಗಳೂ ಕಡಿಮೆಯಲ್ಲ.

ಈ ಪದ್ಧತಿಯನ್ನು ಹಾಡಿ ಹೊಗಳಬೇಕಾಗಿಲ್ಲ. ಕಂತಿನ ಸೀರೆಯ ಬೆಲೆಯಲ್ಲಿ ಬಡ್ಡಿ ಅಡಗಿರುತ್ತಿತ್ತು. ಚಿಕ್ಕಪೇಟೆಯ ಸಗಟು ಅಂಗಡಿಯಲ್ಲಿ ಅದೇ ಸೀರೆಗೆ ಎಷ್ಟೆಂದು ಕೇಳಿ ಬಂದವರಿಗೆ ಮಾತ್ರ ಅದು ತಿಳಿಯುತ್ತಿತ್ತು. ಚೀಟಿ ನಡೆಸುವವರು ಊರು ಬಿಟ್ಟ ಕತೆಗಳು ಪ್ರತಿ ಬೀದಿಯಲ್ಲೂ ಇವೆ. ಹೆಸರು ಬಂದವರು ಮುಂದಿನ ಕಂತು ಕಟ್ಟಬೇಕಿಲ್ಲ ಎನ್ನುವ ಲಾಟರಿ ಮಾದರಿಯನ್ನು 1978ರ ಕೇಂದ್ರ ಕಾಯಿದೆಯೇ ನಿಷೇಧಿಸಿತು. ಆದರೂ ಈ ಚೀಟಿಯಲ್ಲಿ ಇಂದಿನ ಪೆಟ್ಟಿಗೆಯಲ್ಲಿಲ್ಲದ ಒಂದು ಗುಣವಿತ್ತು: ವರ್ಷವಿಡೀ ಕಟ್ಟಿದರೂ ಬರುತ್ತಿದ್ದುದು ಒಂದೇ ಸೀರೆ. ಕಂತು ಹನ್ನೆರಡು, ಬಟ್ಟೆ ಒಂದು. ಪೆಟ್ಟಿಗೆಯ ವ್ಯಾಪಾರ ನಿಂತಿರುವುದು ಕಂತಿಗೊಂದು ಕಟ್ಟು ಬಟ್ಟೆಯ ಮೇಲೆ. ಉಳಿತಾಯದ ಪ್ರಶ್ನೆ ಇರುವುದು ಈ ವ್ಯತ್ಯಾಸದಲ್ಲಿಯೇ ಹೊರತು ರಿಯಾಯಿತಿಯ ಶೇಕಡಾವಾರಿನಲ್ಲಿ ಅಲ್ಲ.

ಮಲ್ಲೇಶ್ವರದ ಹೆಂಗಸರು ಬಟ್ಟೆ ಹಂಚಿಕೆಯ ಇನ್ನೊಂದು ವ್ಯವಸ್ಥೆಯನ್ನೂ ಬಲ್ಲರು. ಅರಿಶಿನ ಕುಂಕುಮಕ್ಕೆ ಕರೆದವರ ಮನೆಯಲ್ಲಿ ತಾಂಬೂಲದೊಂದಿಗೆ ಕೊಡುವ ರವಿಕೆ ಕಣ ಹೊಲಿಗೆಯ ಯಂತ್ರ ಕಾಣದೆ ಮನೆಯಿಂದ ಮನೆಗೆ ವರ್ಷಗಟ್ಟಲೆ ಸಂಚರಿಸಿ ಕೆಲವೊಮ್ಮೆ ಮೊದಲು ಕೊಟ್ಟವರ ಮನೆಗೇ ಮರಳುವುದುಂಟು. ಚಂದಾ ಇಲ್ಲ, ಸಾಗಣೆ ವೆಚ್ಚವಿಲ್ಲ, ಯಾರಿಗೂ ನಷ್ಟವಿಲ್ಲ! ಹರಿದ ಹಳೆಯ ಸೀರೆಗಳಿಗೆ ಸ್ಟೀಲ್ ಪಾತ್ರೆ ಕೊಡುತ್ತ ಬೀದಿ ಬೀದಿ ತಿರುಗುತ್ತಿದ್ದ ಹೆಂಗಸರು, ಹಳೆ ಸೀರೆಯನ್ನು ಪದರ ಪದರವಾಗಿ ಹೊಲಿದು ಮಾಡುವ ಉತ್ತರ ಕರ್ನಾಟಕದ ಕೌದಿ, ತಮ್ಮನಿಗೆ ಇಳಿಯುತ್ತಿದ್ದ ಅಣ್ಣನ ಚಡ್ಡಿ, ರಫು ಮಾಡಿಕೊಡುತ್ತಿದ್ದ ಮೂಲೆಯಂಗಡಿ, ಇವೆಲ್ಲ ಒಂದೇ ಸರಪಳಿಯ ಕೊಂಡಿಗಳು. ಬಟ್ಟೆಯ ವೆಚ್ಚವನ್ನು ಅಳೆಯಬೇಕಾದುದು ಕೊಂಡ ದಿನವಲ್ಲ, ಕೊನೆಯ ಒಗೆತದ ದಿನ. ಮುನ್ನೂರು ರೂಪಾಯಿಯ ಅಂಗಿ ಹದಿನೈದು ಒಗೆತಕ್ಕೆ ಬಣ್ಣಗೆಟ್ಟರೆ ಒಂದು ಒಗೆತಕ್ಕೆ ಇಪ್ಪತ್ತು ರೂಪಾಯಿ ಬಿದ್ದಂತಾಯಿತು. ಒಂಬತ್ತು ನೂರರ ಅಂಗಿ ತೊಂಬತ್ತು ಒಗೆತ ತಡೆದರೆ ಹತ್ತೇ ರೂಪಾಯಿ.

ಒಗೆತದ ಮಾತು ಬಂದಾಗ ಒಗೆದ ನೀರು ಹೋಗುವ ದಾರಿಯನ್ನೂ ನೋಡಬೇಕು. ವೃಷಭಾವತಿ ಹುಟ್ಟುವುದು ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಎಂಬುದು ಊರಿನ ನಂಬಿಕೆ. ಇಂದು ಅದು ನಗರದ ಕೊಳಚೆಯನ್ನೂ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತು ಬೈರಮಂಗಲದ ಜಲಾಶಯ ಸೇರಿ, ಅಲ್ಲಿಂದ ಅರ್ಕಾವತಿಗೆ, ಅರ್ಕಾವತಿಯಿಂದ ಕಾವೇರಿಗೆ ಹರಿಯುತ್ತದೆ. ಅಗ್ಗದ ಪೆಟ್ಟಿಗೆ ಬಟ್ಟೆಗಳಲ್ಲಿ ಹೆಚ್ಚಿನವು ಪಾಲಿಯೆಸ್ಟರ್ ಅಥವಾ ಅದರ ಮಿಶ್ರಣ. ಅಂಥ ಬಟ್ಟೆ ಪ್ರತಿ ಒಗೆತದಲ್ಲಿಯೂ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆಗಳನ್ನು ಉದುರಿಸುತ್ತದೆ. ಬೈರಮಂಗಲದ ಕೆಳಗಿನ ರೈತ ಆ ನೀರಿನಲ್ಲಿಯೇ ಬೆಳೆ ತೆಗೆಯುತ್ತಾನೆ. ಈ ವೆಚ್ಚವನ್ನು ಯಾವ ಕಂಪನಿಯೂ ಬಿಲ್ಲಿನಲ್ಲಿ ಕಾಣಿಸುವುದಿಲ್ಲ.

ನಗರದ ಬಟ್ಟೆಯ ಹಣ ಯಾರ ಕೈ ಸೇರುತ್ತದೆ ಎಂಬ ಪ್ರಶ್ನೆ ಮಲೆನಾಡಿಗೆ ನೇರವಾಗಿ ಸಂಬಂಧಿಸಿದ್ದು. ಮಲ್ಲೇಶ್ವರದ ರಾಜಾ ಮಿಲ್ಲು ನೂಲು ತೆಗೆಯುತ್ತಿದ್ದ ನೆಲದಲ್ಲಿ ಇಂದು ಮಾಲ್ ನಿಂತಿದೆ. ಬಟ್ಟೆ ತಯಾರಾಗುತ್ತಿದ್ದ ಜಾಗ ಬಟ್ಟೆ ಮಾರುವ ಜಾಗವಾಯಿತು. ಇದಕ್ಕೆ ವಿರುದ್ಧ ದಿಕ್ಕಿನ ಪ್ರಯತ್ನವೊಂದು ನಡೆದದ್ದು ಸಾಗರ ತಾಲ್ಲೂಕಿನ ಹೆಗ್ಗೋಡಿನ ಪಕ್ಕದ ಭೀಮನಕೋಣೆಯಲ್ಲಿ. ರಂಗಕರ್ಮಿ ಪ್ರಸನ್ನ ಅವರ ಮುಂದಾಳತ್ವದಲ್ಲಿ ತೊಂಬತ್ತರ ದಶಕದಲ್ಲಿ ಹುಟ್ಟಿದ ಚರಕ ಮಹಿಳಾ ಸಹಕಾರ ಸಂಘ ಗ್ರಾಮೀಣ ಹೆಣ್ಣುಮಕ್ಕಳಿಗೆ ಮಗ್ಗ, ಹೊಲಿಗೆ, ಬಣ್ಣಗಾರಿಕೆಗಳನ್ನು ಕಲಿಸಿತು. ಅಡಿಕೆ ಬೇಯಿಸಿದ ಚೊಗರು ಅಲ್ಲಿ ನೂಲಿನ ಬಣ್ಣವಾಯಿತು. ಆ ಬಟ್ಟೆಯನ್ನು ಮಾರಲು ಹುಟ್ಟಿಕೊಂಡ ‘ದೇಸಿ’ ಬಸವನಗುಡಿಯ ಸೌತ್ ಎಂಡ್ ವೃತ್ತದ ಬಳಿ ಅಂಗಡಿ ತೆರೆಯಿತು. ಆ ಜುಬ್ಬಾ ತೊಟ್ಟವರನ್ನು ನಾಟಕ, ಸಂಗೀತದ ಸಭೆಗಳಲ್ಲಿ ದೂರದಿಂದಲೇ ಗುರುತಿಸಬಹುದಿತ್ತು.

ಅದೇ ಚರಕ 2020ರಲ್ಲಿ ತಾನು ದಿವಾಳಿಯೆಂದು ಘೋಷಿಸಿಕೊಳ್ಳಬೇಕಾಯಿತು. ಕೋವಿಡ್ ಕಾಲದಲ್ಲಿ ಮಾರಾಟ ಕುಸಿದು, ನೇಯ್ದ ಬಟ್ಟೆ ದಾಸ್ತಾನಾಗಿ ಉಳಿದಿತ್ತು. ಕೈಮಗ್ಗದ ಕಷ್ಟ ಇರುವುದೇ ಇಲ್ಲಿ. ನೂಲಿಗೆ ಹಣ ಇಂದು ಬೇಕು, ಬಣ್ಣಕ್ಕೆ, ನೇಯ್ಗೆಯ ಕೂಲಿಗೆ ಹಣ ಇಂದು ಬೇಕು. ಬಟ್ಟೆ ಮಾರಾಟವಾಗಿ ಹಣ ಕೈಸೇರುವುದು ತಿಂಗಳುಗಳ ನಂತರ. ಈ ನಡುವಿನ ಅವಧಿಯನ್ನು ದಾಟಿಸುವ ಬಂಡವಾಳ ದೊಡ್ಡ ಕಂಪನಿಗಿದೆ, ಸಹಕಾರ ಸಂಘಕ್ಕಿಲ್ಲ. 2019-20ರ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ 35.22 ಲಕ್ಷ ಮಂದಿ ಈ ಕಸುಬಿನಲ್ಲಿದ್ದಾರೆ. ಅವರಲ್ಲಿ ಬಹುಸಂಖ್ಯಾತರು ಮಹಿಳೆಯರು. ಸರಕಾರದ ನೀತಿಯೂ ಇವರ ಬೆನ್ನಿಗೆ ನಿಂತಂತೆ ಕಾಣುವುದಿಲ್ಲ. ಕೈ ಉತ್ಪನ್ನಗಳ ಮೇಲೆ ತೆರಿಗೆ ಬೇಡವೆಂದು 2017ರಲ್ಲಿ ಪ್ರಸನ್ನ ಬೆಂಗಳೂರಿನಲ್ಲಿ ಉಪವಾಸ ಕುಳಿತರು. 2025ರ ಸೆಪ್ಟೆಂಬರಿನ ಪರಿಷ್ಕರಣೆಯ ನಂತರ 2,500 ರೂಪಾಯಿವರೆಗಿನ ಸಿದ್ಧ ಉಡುಪಿಗೆ ಶೇ. 5, ಅದನ್ನು ಮೀರಿದ್ದಕ್ಕೆ ಶೇ. 18 ತೆರಿಗೆ. ಕೈಯಿಂದಲೇ ನೂತು, ನೇಯ್ದು, ಹೊಲಿದ ಉಡುಪಿನ ಬೆಲೆ ಸಹಜವಾಗಿಯೇ ಏರುತ್ತದೆ. ಯಂತ್ರದ ಅಗ್ಗದ ಉಡುಪು ಶೇ. 5ರಲ್ಲಿ ಪಾರಾಗುತ್ತದೆ.

ಹೀಗಿರುವಾಗ ಚಂದಾ ಎಂಬ ಉಪಾಯವನ್ನು ಪೆಟ್ಟಿಗೆಯ ಕಂಪನಿಗಳಿಗೇ ಬಿಟ್ಟುಕೊಡಬೇಕೇಕೆ? ಸೀರೆ ಚೀಟಿಯನ್ನು ಅಂಗಡಿಯ ಬದಲು ಮಗ್ಗಕ್ಕೆ ಕಟ್ಟಬಹುದು. ಬಸವನಗುಡಿಯ ಒಂದು ಬೀದಿಯ ಇಪ್ಪತ್ತು ಮನೆಗಳು ತಿಂಗಳಿಗೆ ಮುನ್ನೂರು ರೂಪಾಯಿಯಂತೆ ಒಂದು ನೇಕಾರ ಸಂಘಕ್ಕೆ ಮುಂಗಡ ಕಟ್ಟಿದರೆ ವರ್ಷಕ್ಕೆ 72,000 ರೂಪಾಯಿ. ಪ್ರತಿ ಮನೆಗೆ ವರ್ಷದ ಕೊನೆಯೊಳಗೆ 3,600 ರೂಪಾಯಿಯ ಬಟ್ಟೆ: ಒಂದು ಸೀರೆ, ಒಂದು ಜುಬ್ಬಾ ಅಥವಾ ಹೊದಿಕೆ. ಮನೆಗೆ ಉಳಿಯುವುದು ರಿಯಾಯಿತಿಯಿಂದಲ್ಲ, ಉಳಿದ ಹನ್ನೊಂದು ತಿಂಗಳು ಬಟ್ಟೆ ಕೊಳ್ಳದೆ ಇರುವುದರಿಂದ. ಸಂಘಕ್ಕೆ ಸಿಗುವುದು ಬಡ್ಡಿಯಿಲ್ಲದ ಬಂಡವಾಳ ಮತ್ತು ಎಷ್ಟು ನೇಯಬೇಕೆಂಬ ಖಚಿತ ಲೆಕ್ಕ.

ಇದಕ್ಕೆ ಆಕ್ಷೇಪಗಳಿವೆ, ಅವು ಹಗುರವಾದವಲ್ಲ. ದಿವಾಳಿಯೆಂದು ಒಮ್ಮೆ ಘೋಷಿಸಿಕೊಂಡ ಕ್ಷೇತ್ರವನ್ನು ನಂಬಿ ಮುಂಗಡ ಕೊಡುವುದು ಹೇಗೆ ಎಂದು ಗೃಹಿಣಿ ಕೇಳಿದರೆ ಅದು ಅವಳ ಹಕ್ಕು. ಚೀಟಿ ನಡೆಸುವವನನ್ನು ನಂಬಿ ಕೆಟ್ಟವರು ಅವಳ ಬೀದಿಯಲ್ಲಿಯೇ ಇದ್ದಾರೆ. ಆದ್ದರಿಂದ ಹಣ ವ್ಯಕ್ತಿಯ ಕೈಗಲ್ಲ, ಸಂಘದ ಬ್ಯಾಂಕ್ ಖಾತೆಗೆ ಹೋಗಬೇಕು; ರಸೀದಿ ಬೇಕು; ಲಾಟರಿ ಕೂಡದು; ಮೂರು ತಿಂಗಳಿಗೊಮ್ಮೆ ಬಟ್ಟೆ ಪಡೆಯುವ ಅವಕಾಶವಿದ್ದರೆ ಮುಳುಗುವ ಮೊತ್ತವೂ ಸಣ್ಣದಾಗಿರುತ್ತದೆ. ಕಂಪನಿಗಳು ಸರಕಿಗೆ ಪಡೆದ ಮುಂಗಡವನ್ನು 365 ದಿನಗಳೊಳಗೆ ಸರಕು ಕೊಟ್ಟು ತೀರಿಸಬೇಕೆಂಬ ನಿಯಮವಿದೆ. ಆಭರಣದಂಗಡಿಗಳ ಯೋಜನೆಗಳು ಹನ್ನೊಂದು ತಿಂಗಳಿಗೆ ಮುಗಿಯುವುದರ ಗುಟ್ಟು ಅದೇ. ಸಂಘಗಳೂ ಆ ಗಡುವನ್ನು ತಾವಾಗಿಯೇ ಒಪ್ಪಿಕೊಳ್ಳುವುದು ಒಳ್ಳೆಯದು.

ಇನ್ನೊಂದು ಆಕ್ಷೇಪ ಹೆಚ್ಚು ಕಠಿಣ. ಚಾಮರಾಜಪೇಟೆಯಲ್ಲಿ ನಾಲ್ಕು ಮನೆಗಳ ಪಾತ್ರೆ ತೊಳೆಯುವಾಕೆ ಪಾಲಿಯೆಸ್ಟರ್ ಸೀರೆ ಉಡುವುದು ಅಜ್ಞಾನದಿಂದಲ್ಲ. ಅದು ಅಗ್ಗ, ಬೇಗ ಒಣಗುತ್ತದೆ, ಇಸ್ತ್ರಿ ಬೇಡ. ಅವಳಿಗೆ ಕೈಮಗ್ಗದ ಉಪದೇಶ ಮಾಡುವ ಅಧಿಕಾರ ಯಾರಿಗೂ ಇಲ್ಲ. ಈ ಚಂದಾ ಕಟ್ಟಬೇಕಾದವರು ಬೀರುವಿನಲ್ಲಿ ಬೆಲೆಚೀಟಿ ಕೀಳದ ಬಟ್ಟೆಯಿರುವವರು. ಅಂಥ ಮನೆಗಳು ಗಾಂಧಿ ಬಜಾರಿನ ಆಸುಪಾಸಿನಲ್ಲಿ ಬೇಕಾದಷ್ಟಿವೆ.

ಆರಂಭಿಸುವುದಾದರೆ ಮೊದಲ ಕಂತು ಬೇಸಿಗೆಯೊಳಗೆ ಸಂಘವನ್ನು ಸೇರಬೇಕು. ಜೂನ್ ಹಿಡಿದರೆ ಮಲೆನಾಡಿನಲ್ಲಿ ಬಣ್ಣ ಹಾಕಿದ ನೂಲು ಒಣಗಲು ಬಿಸಿಲು ಸಿಗುವುದಿಲ್ಲ. ಅಷ್ಟರೊಳಗೆ ನೂಲು ಕೊಂಡು, ಬಣ್ಣ ಹಾಕಿ, ಒಣಗಿಸಿ ಇಟ್ಟುಕೊಂಡರೆ ಮಾತ್ರ ಮಳೆಗಾಲದ ಮೂರು ತಿಂಗಳು ಮಗ್ಗಕ್ಕೆ ಕೆಲಸ, ಮಗ್ಗದ ಮುಂದೆ ಕುಳಿತವರಿಗೆ ಕೂಲಿ.