ಕಾಲು ಪೆನ್ನಿಯ ಚೂರು

ಶನಿವಾರ ಬೆಳಿಗ್ಗೆ ಏಳಕ್ಕೆ, ಜಿಟಿಜಿಟಿ ಮಳೆಯಲ್ಲಿ, ಉತ್ತ ಹೊಲದ ನಡುವೆ ಗಂಬೂಟು ಹಾಕ್ಕೊಂಡು ನಿಂತಿದ್ದೆ. ಇಂಗ್ಲೆಂಡಿಗೆ ಬಂದು ಮೂರು ವರ್ಷವಾಯ್ತು, ವೀಕೆಂಡ್ ಹೀಗೂ ಕಳೀಬಹುದು ಅಂತ ಗೊತ್ತಿರಲಿಲ್ಲ. ಕರ್ಕೊಂಡು ಹೋಗಿದ್ದು ಆಫೀಸಿನ ಹಿರಿಯ ಸಹೋದ್ಯೋಗಿ. ಮೆಟಲ್ ಡಿಟೆಕ್ಟರ್ ಹಿಡಿದು ಅಲೆಯೋದು ಅವರ ಹವ್ಯಾಸ. ಹೊಲದ ಯಜಮಾನರ ಒಪ್ಪಿಗೆ ಇಲ್ಲದೆ ಕಾಲಿಡೋ ಹಾಗಿಲ್ಲ. ಆ ಪತ್ರ ಅವರ ಜೇಬಲ್ಲೇ ಇತ್ತು.

ಮೊದಲ ಎರಡು ಗಂಟೆ ಸಿಕ್ಕಿದ್ದು ಕ್ಯಾನ್ ಮುಚ್ಚಳ, ಟ್ರ್ಯಾಕ್ಟರ್ ಬೋಲ್ಟು, ಕಾಡತೂಸಿನ ಹಿತ್ತಾಳೆ ತಳ. ಆಮೇಲೆ ಉಗುರಿನಷ್ಟು ತೆಳ್ಳನೆ ಚೂರು, ಪಿಜ್ಜಾ ತುಂಡಿನ ಆಕಾರ. ಏನೋ ತಗಡು ಅಂತ ಎಸೆಯೋಕೆ ಹೊರಟೆ. ಅವರು ಕೈ ಹಿಡಿದರು.

ಅದು ಬೆಳ್ಳಿ. 13ನೇ ಶತಮಾನದ ಪೆನ್ನಿಯ ಕಾಲು ಭಾಗ! ಆಗ ಚಿಲ್ಲರೆ ಬೇಕೆಂದರೆ ನಾಣ್ಯವನ್ನೇ ಕತ್ತರಿಸುತ್ತಿದ್ದರು. ಹಿಂಬದಿಯ ಶಿಲುಬೆಯ ಗೆರೆ ಹಿಡಿದು ಕತ್ತರಿಸಿದರೆ ಅರ್ಧ, ಮತ್ತೆ ಕತ್ತರಿಸಿದರೆ ಕಾಲು. ನಮ್ಮಜ್ಜಿ ಕಾಲಾಣೆ, ಪಾವಲಿ ಅಂತ ಲೆಕ್ಕ ಹೇಳ್ತಿದ್ದುದು ನೆನಪಾಯ್ತು. 1279ರಲ್ಲಿ ಒಂದನೇ ಎಡ್ವರ್ಡ್ ದುಂಡನೆಯ ಕಾಲು ಪೆನ್ನಿ ತಂದ ಮೇಲೆ ಈ ಕತ್ತರಿ ಕೆಲಸ ಮರೆಯಾಯಿತು.

ಗುರುತು ಹಿಡಿಯೋದೂ ಆ ಶಿಲುಬೆಯಿಂದಲೇ. ತೋಳುಗಳು ಅಂಚಿನವರೆಗೆ ಚಾಚಿದ್ದರೆ 1247ರಿಂದ ಈಚಿನದು, ಒಳಗೇ ನಿಂತಿದ್ದರೆ ಅದಕ್ಕಿಂತ ಹಳೆಯದು. ಕಳ್ಳರು ಅಂಚು ಕೆತ್ತಿ ಬೆಳ್ಳಿ ಕದಿಯುತ್ತಿದ್ದರು. ತೋಳು ತುಂಡಾಗಿದ್ದರೆ ಕದ್ದಿದ್ದು ಕಣ್ಣಿಗೆ ಬೀಳುತ್ತೆ. ಸುತ್ತಲೂ ಟಂಕಿಸಿದವನ ಹೆಸರು, ಊರು. ನಮ್ಮ ಚೂರಿನಲ್ಲಿ ಉಳಿದಿದ್ದು ಮೂರೇ ಅಕ್ಷರ: ವಿ, ಎನ್, ಡಿ. ಲಂಡನ್ನಿನ ಬಾಲ.

ನಿಜ ಹೇಳ್ತೀನಿ, ಜೇಬಿಗಿಳಿಸಿ ಊರಿಗೆ ಒಯ್ದು ಅಪ್ಪನಿಗೆ ತೋರಿಸೋ ಆಸೆಯಾಯ್ತು. ಅವರು ಮಾತಾಡದೆ ಮೊದಲು ಫೋನ್ ತೆಗೆದು ಸಿಕ್ಕ ಜಾಗದ ಜಿಪಿಎಸ್ ಬರೆದುಕೊಂಡರು. ಒಂಟಿ ನಾಣ್ಯಕ್ಕೆ ಕಾನೂನಿನ ಬಲವಂತವಿಲ್ಲ. 300 ವರ್ಷ ದಾಟಿದ ಬೆಳ್ಳಿ ನಾಣ್ಯ ಎರಡು ಒಟ್ಟಿಗೆ ಸಿಕ್ಕರೆ ಮಾತ್ರ, 1996ರ ಟ್ರೆಷರ್ ಆಕ್ಟ್ ಪ್ರಕಾರ 14 ದಿನದೊಳಗೆ ಕೊರೋನರ್‌ಗೆ ತಿಳಿಸಬೇಕು. (ಅನುಮಾನಾಸ್ಪದ ಸಾವಿನ ವಿಚಾರಣೆ ಮಾಡುವ ಅದೇ ಅಧಿಕಾರಿ!) ಆದರೂ ಇವರು ಸಣ್ಣ ಬಕಲ್ ಸಿಕ್ಕರೂ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್‌ನ ಸ್ಥಳೀಯ ಅಧಿಕಾರಿಗೆ ತೋರಿಸಿ ದಾಖಲಿಸುತ್ತಾರೆ.

ಯಾಕಿಷ್ಟು ಶಿಸ್ತು ಅಂದಿದ್ದಕ್ಕೆ ಹೆರೆಫರ್ಡ್‌ಶೈರಿನ ಕಥೆ ಹೇಳಿದರು. 2015ರಲ್ಲಿ ಲೆಮ್‌ಸ್ಟರ್ ಬಳಿ ಇಬ್ಬರಿಗೆ ವೈಕಿಂಗ್ ಕಾಲದ ನಿಧಿ ಸಿಕ್ಕಿತು. ಮುಚ್ಚಿಟ್ಟು ಮಾರಿದರು. 2019ರಲ್ಲಿ ಒಬ್ಬನಿಗೆ 10 ವರ್ಷ, ಇನ್ನೊಬ್ಬನಿಗೆ ಎಂಟೂವರೆ ವರ್ಷ ಜೈಲು. ಆಗ ಪತ್ತೆಯಾಗಿದ್ದು ಅಂದಾಜು 300 ನಾಣ್ಯಗಳಲ್ಲಿ ಸುಮಾರು 30. ಅವುಗಳಲ್ಲಿ ಕೆಲವದರ ಮೇಲೆ ವೆಸೆಕ್ಸ್‌ನ ಆಲ್ಫ್ರೆಡ್, ಮರ್ಸಿಯಾದ ಚೋಲ್ವುಲ್ಫ್ ಇಬ್ಬರ ಹೆಸರಿನಲ್ಲೂ ಒಂದೇ ಚಿತ್ರ: ಅಕ್ಕಪಕ್ಕ ಕೂತ ಇಬ್ಬರು ಚಕ್ರವರ್ತಿಗಳು. ಆಲ್ಫ್ರೆಡ್ ಕಡೆಯವರು ಬರೆದ ಇತಿಹಾಸದಲ್ಲಿ ಚೋಲ್ವುಲ್ಫ್ ಬರೀ ಪೆದ್ದ, ವೈಕಿಂಗರ ಕೈಗೊಂಬೆ. ನಾಣ್ಯ ನೋಡಿದರೆ ಇಬ್ಬರೂ ಜೊತೆಗಾರರು! ಉಳಿದ ನಾಣ್ಯಗಳು ಇನ್ನೇನು ಹೇಳುತ್ತಿದ್ದವೋ?

ಮಧ್ಯಾಹ್ನ ರೈತರಿಗೆ ನಮ್ಮ ಚೂರು ತೋರಿಸಿದೆವು. ಅಂಗೈಯಲ್ಲಿಟ್ಟು ನೋಡಿದರು. "ಇದಕ್ಕೆ ಆಗ ಏನು ಸಿಗುತ್ತಿತ್ತು?" ಅಂದರು. ಒಂದು ಬ್ರೆಡ್ ಸಿಗುತ್ತಿತ್ತು ಅಂದರು ಇವರು.

"ಪಾಪ, ಕಳೆದುಕೊಂಡವನು ಅವತ್ತು ಎಷ್ಟು ಹುಡುಕಿದನೋ," ಅಂತ ರೈತರು ಚೂರನ್ನು ವಾಪಸ್ ಕೊಟ್ಟರು.