ಚೀನಾಂಶುಕವೂ ಚಂದ್ರಕಾಳಿಯೂ

ಕಳೆದ ತಿಂಗಳು ನಮ್ಮ ಹಿರಿಯ ಮಗಳ ಮಗಳು ರಜೆಗೆಂದು ಮುಗದಕ್ಕೆ ಬಂದಿದ್ದಳು. ಬೆಂಗಳೂರಿನಲ್ಲಿ ಉಡುಪಿನ ವಿನ್ಯಾಸವನ್ನು ಅಭ್ಯಸಿಸುತ್ತಿರುವ ಹುಡುಗಿ. ಸ್ಟೇಶನ್ನಿನಿಂದ ಬಂದವಳು ಕೈಕಾಲು ತೊಳೆಯುವುದಕ್ಕೂ ಮೊದಲೇ ಅಜ್ಜಿಯ ಟ್ರಂಕು ತೆರೆಸಿ, ತಳದಲ್ಲಿದ್ದ ಚಂದ್ರಕಾಳಿ ಸೀರೆಯನ್ನು ಹೊರತೆಗೆದಳು. ಹಿರಿಯ ವಾಚಕರಿಗೆ ಇದರ ವರ್ಣನೆ ಬೇಡ. ಕಿರಿಯರಿಗಾಗಿ ಹೇಳುವುದಾದರೆ, ಇದು ಕಸೂತಿ ತುಂಬಿದ ಕಪ್ಪು ಸೀರೆ. ನಮ್ಮ ಕಡೆ ಮದುಮಗಳಿಗೆ ಕೊಡತಕ್ಕದ್ದು. ಇದರ ಗೋಪುರ, ತುಳಸೀವೃಂದಾವನ, ಅಂಬಾರಿಯ ಆನೆಗಳನ್ನೆಲ್ಲ ನಮ್ಮ ಅತ್ತೆಯವರೇ ಹಾಕಿದ್ದರು.

“ಅಜ್ಜಾ, ಇದನ್ನ ಕತ್ತರಿಸಿ ಚೀನೀ ನಮೂನೆಯ ನಿಲುವಂಗಿ ಹೊಲೀತೀನಿ. ಪರೀಕ್ಷೆಗೆ ಬೇಕಾಗೇದ” ಎಂದಳು.

ನಮಗೆ ಸಿಟ್ಟು ಬಂದಿತೆಂಬುದನ್ನು ಮುಚ್ಚಿಡುವುದಿಲ್ಲ. ಚೀನದ ಬಟ್ಟೆಯ ಮೇಲೆ ನಮಗೆ ದ್ವೇಷವೇನೂ ಇಲ್ಲ. ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಚೀನಪಟ್ಟವನ್ನು ಹೆಸರಿಸಿದ್ದಾನೆ. ಶಾಕುಂತಲದ ಮೊದಲನೆಯ ಅಂಕದ ಕೊನೆಯಲ್ಲಿ, ದೇಹ ಮುಂದೆ ಸಾಗುತ್ತಿದ್ದರೂ ಮನಸ್ಸು ಹಿಂದಕ್ಕೋಡುವ ದುಷ್ಯಂತನ ಸ್ಥಿತಿಗೆ ಕಾಳಿದಾಸನು ಗಾಳಿಗೆದುರಾಗಿ ಒಯ್ಯುವ ಧ್ವಜದ ಚೀನಾಂಶುಕವನ್ನು ಹೋಲಿಸಿದ್ದಾನೆ. ಎಷ್ಟೋ ವರ್ಷ ಅದನ್ನು ಪಾಠ ಹೇಳಿದವರು ನಾವು. ಆದರೆ ಪಾಠ ಬೇರೆ, ಮನೆಯ ಸೀರೆಗೆ ಕತ್ತರಿ ಹಾಕುವುದು ಬೇರೆ.

ಹುಡುಗಿ ಹೆದರಲಿಲ್ಲ, ನಮಗೇ ಪಾಠ ಹೇಳಿದಳು. ಚೀನದ ಹಳೆಯ ನಿಲುವಂಗಿಯಲ್ಲಿ ಬಟ್ಟೆಯನ್ನು ಮಟ್ಟಸವಾಗಿ ಹಾಸಿ, ಒಡಲನ್ನೂ ತೋಳನ್ನೂ ಒಂದೇ ತುಂಡಿನಲ್ಲಿ ಕತ್ತರಿಸುತ್ತಿದ್ದರಂತೆ, ಭುಜದಲ್ಲಿ ಹೊಲಿಗೆಯಿಲ್ಲ. ಮಗ್ಗದ ಅಗಲ ಕಿರಿದಾದುದರಿಂದ ಬೆನ್ನಿನ ನಡುವೆ ಒಂದು ಜೋಡಣೆ. ಬಲಮಗ್ಗುಲಿಗೆ ಓರೆಯಾಗಿ ಮುಚ್ಚಿಕೊಳ್ಳುವ ಸೆರಗು, ಬಟ್ಟೆಯನ್ನೇ ಗಂಟು ಕಟ್ಟಿ ಮಾಡಿದ ಗುಂಡಿ. 1920ರ ದಶಕದಲ್ಲಿ ಶಾಂಘಾಯಿಯ ಸ್ತ್ರೀಯರು ಈ ಗುಂಡಿ, ಈ ಓರೆ, ನೆಟ್ಟಗೆ ನಿಲ್ಲುವ ಕೊರಳಪಟ್ಟಿಗಳನ್ನು ಉಳಿಸಿಕೊಂಡು ಹೊಸ ಉಡುಪೊಂದನ್ನು ರೂಢಿಗೆ ತಂದರು. 1929ರಲ್ಲಿ ಅಲ್ಲಿಯ ಸರಕಾರವು ಅದನ್ನು ಸ್ತ್ರೀಯರ ವಿಧಿವತ್ತಾದ ಉಡುಪುಗಳಲ್ಲಿ ಸೇರಿಸಿತು. ನೇಯ್ದ ಬಟ್ಟೆಯನ್ನು ಆದಷ್ಟು ಕಡಿಮೆ ಕತ್ತರಿಸಬೇಕೆಂಬ ಆ ಮರ್ಯಾದೆ ನಮಗೆ ಮೆಚ್ಚಿಗೆಯಾಯಿತು. ಬಟ್ಟೆಯ ಮೇಲೆ ಘಟಸರ್ಪ ಮುದ್ರಿಸಿ ‘ಚೀನೀ’ ಎಂದು ಮಾರುವವರು ಇದನ್ನು ತಿಳಿದಿದ್ದಾರೆಯೋ ಇಲ್ಲವೋ!

ಇಷ್ಟು ಹೊತ್ತು ಸುಮ್ಮನಿದ್ದ ಮನೆಯವರು ಹುಡುಗಿಯ ಅಂಗಿಯ ಅಂಚನ್ನು ಹಿಡಿದು ಮಗುಚಿದರು. ಅದರ ಮೇಲೆಯೂ ಗೋಪುರದ ಸಾಲಿತ್ತು. ಒಳಗೆ ಬರೀ ಬಿಳುಪು. ಅಚ್ಚು ಹಾಕಿದ್ದು. ಆಮೇಲೆ ಸೀರೆಯನ್ನು ಮಗುಚಿ, “ಇದರಾಗ ಗಂಟು ಎಲ್ಲಿ ಅದ ಹುಡುಕು ನೋಡೋಣ” ಎಂದರು. ಹುಡುಗಿ ಬೆಳಕಿಗೆ ಹಿಡಿದು ಬಹಳ ಹೊತ್ತು ಹುಡುಕಿದಳು. ಸಿಕ್ಕಲಿಲ್ಲ.

ಕಸೂತಿಯಲ್ಲಿ ಗಂಟಿಲ್ಲ, ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವುದೂ ಇಲ್ಲ. ಎಳೆಗಳನ್ನೆಣಿಸಿ ಸೂಜಿ ಚುಚ್ಚಬೇಕು. ಗವಂತಿಯಲ್ಲಿ ದಾರವು ಒಂದು ಸಲ ಎಡೆಬಿಟ್ಟು ಹೋಗಿ, ಮರಳಿ ಬರುವಾಗ ಆ ಎಡೆಗಳನ್ನು ತುಂಬುತ್ತದೆ. ಆದುದರಿಂದ ಎರಡೂ ಮಗ್ಗುಲು ಒಂದೇ ರೂಪ. ಮುರಗಿ ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತದೆ. ನೇಯ್ಗೆ, ಮೆಂತ್ಯೆಗಳು ಬೇರೆ. ಹೋಗುವಾಗ ಒಂದೆಳೆ ತಪ್ಪಿದರೆ ಬರುವಾಗ ದಾರಿಯಿಲ್ಲ. ಧಾರವಾಡ ಸೀಮೆಯ ಈ ಕಲೆಗೆ ಭೌಗೋಳಿಕ ಸೂಚಕದ ಮನ್ನಣೆಯೇನೋ ದೊರೆತಿದೆ. ಆದರೆ ಪೇಟೆಯಲ್ಲಿ ಅಚ್ಚಿನ ಗೋಪುರ ಗಳಿಗೆಯಲ್ಲಿ ಸಿದ್ಧವಾಗುವಾಗ, ಹಗಲೆಲ್ಲ ಎಳೆಯೆಣಿಸುವ ಹೆಣ್ಣುಮಗಳ ಕಣ್ಣಿಗೆ ತಕ್ಕ ಕೂಲಿಯನ್ನು ಯಾರು ಕೊಡುತ್ತಾರೆ? ಹೊಸ ಉಡುಪಿನವರು ಆಕಾರವನ್ನು ಒಯ್ದು ಆಕೆಯನ್ನು ಇಲ್ಲೇ ಬಿಟ್ಟುಹೋದರೆ ಅದು ನಮಗೆ ಸಮ್ಮತವಲ್ಲ. ಹುಡುಗಿಗೂ ಇದನ್ನೇ ಹೇಳಿದೆವು. ಸ್ವಲ್ಪ ಗಡುಸಾಗಿಯೇ ಹೇಳಿದೆವೆಂದು ಕಾಣುತ್ತದೆ, ಅವಳ ಕಣ್ಣು ತುಂಬಿತು.

ತೀರ್ಪು ಕೊಟ್ಟವರು ನಾವಲ್ಲ. ಇಳಕಲ್ ಸೀರೆಯಲ್ಲಿ ಸೆರಗಿನ ಹಾಸೆಳೆ ಬೇರೆ, ಒಡಲಿನ ಹಾಸೆಳೆ ಬೇರೆ. ಎರಡನ್ನೂ ಕೊಂಡಿ ಹಾಕಿ ಮಗ್ಗದ ಮೇಲೆ ಕೂಡಿಸಿರುತ್ತಾರೆ. ಮನೆಯವರು ಆ ಕೊಂಡಿಯನ್ನು ಬೆರಳಿನಿಂದ ತೋರಿಸಿ, “ಒಡಲು ಹೆಂಗೂ ಪಿಸಿದದ. ಗಟ್ಟಿ ಇದ್ದಷ್ಟು ತಗೋ. ಇದರ ಆಚೆ ಕತ್ತರಿ ಹಾಯಬಾರದು” ಎಂದರು. ನಾವು ಬಾಯಿ ತೆರೆದವರು ಮುಚ್ಚಿಕೊಂಡೆವು. ಸೀರೆ ಅವರದು.

ಸೆರಗು ಮಡಿಚಿ ಟ್ರಂಕಿಗೆ ಹೋಯಿತು. ನಿಲುವಂಗಿ ಮಟ್ಟಸದ ಕತ್ತರಿಕೆಯಲ್ಲಿಯೇ ಆಯಿತು. ಭುಜಕ್ಕೆ ಹೊಲಿಗೆ ಬರಲಿಲ್ಲ. ಕೊರಳಪಟ್ಟಿಗೆ ಒಂದು ಗೋಪುರವನ್ನು ಮಾತ್ರ ಹುಡುಗಿ ತಾನೇ ಹಾಕಬೇಕೆಂದು ಅಜ್ಜಿಯ ಕರಾರು. ನಾಲ್ಕನೆಯ ದಿನ ಕಳಸದ ಹತ್ತಿರ ಒಂದೆಳೆ ತಪ್ಪಿತ್ತು. ನಮ್ಮ ಕಣ್ಣಿಗೆ ಅದು ಕಾಣಲೇ ಇಲ್ಲ. ಮನೆಯವರು ಕಂಡು ಎಲ್ಲವನ್ನೂ ಬಿಚ್ಚಿಸಿದರು. ಹುಡುಗಿ ದೀಪವನ್ನು ಹತ್ತಿರ ಎಳೆದುಕೊಂಡು ಮತ್ತೆ ಒಂದರಿಂದ ಎಣಿಸತೊಡಗಿದಳು.